ಕಡ್ಡಿ ಫಕ್ಕೀರವ್ವನ ಬಾಗಿಲ ಹಾಡು

ಬ್ಯಾಡಗಿ, ಎರಡನೇ ಬೇಗೆ ತಿಂಗಳು, ನಲವತ್ತೊಂದನೇ ತಾರೀಖು, ಇಸವಿ ೨೧೮೭

ನಮಗಿಂತ ಮೊದಲು ಈ ನೆಲದ ಮೇಲೆ ಬಾಳಿದ ಹಿರಿಯರಿಗೆ ಬ್ಯಾಡಗಿಯ ದ್ಯಾಮವ್ವ ಮಾಡುವ ಶರಣು.

ಮೇಲಿನ ತಾರೀಖು ಕೈತಪ್ಪಿ ಬಿದ್ದದ್ದಲ್ಲ. ನಿಮ್ಮ ಪಂಚಾಂಗದಲ್ಲಿ ಈ ತಿಂಗಳೇ ಇರಲಿಲ್ಲವೆಂದು ನನಗೆ ಗೊತ್ತು. ನಿಮ್ಮ ಬೇಸಿಗೆ ನಮ್ಮ ಕಾಲಕ್ಕೆ ಬರುವಷ್ಟರಲ್ಲಿ ಉದ್ದಕ್ಕೆ ಬೆಳೆದುಬಿಟ್ಟಿತು. ಅದನ್ನು ಮೊದಲ ಬೇಗೆ, ಎರಡನೇ ಬೇಗೆ ಎಂದು ಎರಡು ದೊಡ್ಡ ತಿಂಗಳಾಗಿ ಒಡೆದು, ಒಂದೊಂದಕ್ಕೂ ಐವತ್ತರ ಮೇಲೆ ದಿನ ಕೊಟ್ಟಿದ್ದಾರೆ. ಇನ್ನು ಮುಂದೆ ಬರುವ ಕೆಲವು ಮಾತುಗಳೂ ನಿಮ್ಮ ಕಿವಿಗೆ ಹೊಸವೆನಿಸಬಹುದು. ನನ್ನ ಕಸುಬು ಬರೆಯುವುದಲ್ಲ, ಸ್ಪೀಕರ್ ಪೆಟ್ಟಿಗೆ ಕಟ್ಟುವುದು. ತಿಳಿದ ಮಟ್ಟಿಗೆ ಬಿಡಿಸಿ ಹೇಳುತ್ತೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಹಿರಿಯರ ಹಬ್ಬದಲ್ಲಿ ಎಡೆ ಇಡುವಾಗ ನಾವು ಒಂದು ಪತ್ರವನ್ನೂ ಇಡುತ್ತೇವೆ. ಇದಕ್ಕೆ ಹಿಂಬರಹ ಎನ್ನುತ್ತಾರೆ. ಸಾಮಾನ್ಯವಾಗಿ ಮಳೆ ಆಯಿತೋ ಇಲ್ಲವೋ, ಮನೆಯಲ್ಲಿ ಯಾರು ಹುಟ್ಟಿದರು, ಯಾರು ಹೋದರು, ಇಷ್ಟೇ ಬರೆಯುವುದು. ಈ ಸಲ ನಾನು ಹಬ್ಬಕ್ಕೆ ಮೊದಲೇ ಕೂತು ಬರೆಯುತ್ತಿದ್ದೇನೆ. ನಮ್ಮೂರ ಶಾಲೆಯ ಮುಂದೆ ಹೋದ ವಾರ ಒಂದು ಕಲ್ಲು ನಿಲ್ಲಿಸಿದರು. ಅದರ ಮೇಲೆ 'ದಯಾಮೂರ್ತಿ ಫಕ್ಕೀರವ್ವ' ಎಂದು ಕೆತ್ತಿದ್ದಾರೆ. ಅವಳಿನ್ನೂ ಬದುಕಿದ್ದಾಳೆ, ನಾನು ಅವಳ ಜೊತೆ ಬೆಳೆದವಳು. ಅವಳ ಹಾಡಿಗೆ ತಾಳ ಹಾಕಿದವಳು. ಅವಳು ಮೂರ್ತಿಯಲ್ಲ, ಡಾನ್ಸ್‌ಹಾಲ್ ಹಾಡುಗಾರ್ತಿ. ತಾನೇ ಹಾಡು ಕಟ್ಟಿ, ತಾನೇ ಹಾಡಿ, ಮಂದಿಯ ನಡ ಮುರಿಯುವ ಹಾಗೆ ಕುಣಿಸಿದವಳು. ಅದನ್ನು ಯಾರಾದರೂ ಒಬ್ಬರು ಸರಿಯಾಗಿ ಬರೆದಿಡಬೇಕು.

ನೀವು ಬ್ಯಾಡಗಿಯ ಸುತ್ತ ಮೆಣಸಿನಕಾಯಿ ಕೆಡದಂತೆ ಇಡಲು ಕೋಲ್ಡ್ ಸ್ಟೋರೇಜುಗಳನ್ನು ಕಟ್ಟಿಸಿದಿರಲ್ಲ, ಅವೇ ಮುಂದೆ ನಮ್ಮ ತಂಪುಮನೆಗಳಾದವು. ಬೇಗೆಯ ದಿನಗಳಲ್ಲಿ ಹೊತ್ತು ಏರಿದ ಮೇಲೆ ಸೈರನ್ ಕೂಗುತ್ತದೆ. ಅಲ್ಲಿಂದ ಹೊತ್ತು ಇಳಿಯುವವರೆಗೆ ಬಯಲಿನಲ್ಲಿ ನಿಂತರೆ ಜೀವಕ್ಕೆ ಅಪಾಯ. ಅದಕ್ಕೆ ಓಣಿಗೊಂದರಂತೆ ತಂಪುಮನೆಗೆ ಎಲ್ಲರೂ ಹೋಗಿ ಸೇರುತ್ತೇವೆ. ಒಳಗೆ ಒಂದು ಮೂಲೆಯಲ್ಲಿ ಶಾಲೆ, ಇನ್ನೊಂದು ಮೂಲೆಯಲ್ಲಿ ಕ್ಷೌರದ ಕುರ್ಚಿ, ಕಂಬದಿಂದ ಕಂಬಕ್ಕೆ ಕಟ್ಟಿದ ತೊಟ್ಟಿಲುಗಳು, ನಡುವೆ ಚೀಲ ಹರವಿಕೊಂಡು ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರು. ಗೋಡೆಗಳಲ್ಲಿ ನಿಮ್ಮ ಕಾಲದ ಘಾಟು ಇನ್ನೂ ಕೂತಿದೆ. ಹೊಸದಾಗಿ ಊರಿಗೆ ಬಂದವರು ಮೊದಲ ದಿನವೆಲ್ಲ ಸೀನುತ್ತಲೇ ಇರುತ್ತಾರೆ, ನಾವು ನಗುತ್ತೇವೆ. ಹಿಂದೆ ಜನ ಒಳಗೆ ಬಂದು ಮಲಗುತ್ತಿದ್ದರಂತೆ, ಇಲ್ಲವೇ ಇಸ್ಪೀಟು ಆಡಿ ಜಗಳ ತೆಗೆಯುತ್ತಿದ್ದರಂತೆ. ಕುಣಿತ ಬಂದದ್ದು ಎವಟಣ್ಣನಿಂದ.

ಅವನ ನಿಜ ಹೆಸರು ಎವರ್ಟನ್. ಜಮೈಕಾ ದ್ವೀಪದವನು. ಅವನ ಓಣಿ ಕಡಲಲ್ಲಿ ಮುಳುಗಿಹೋದ ಮೇಲೆ ಹಡಗಿನಲ್ಲಿ ಕೆಲಸ ಹಿಡಿದು, ಕಾರವಾರದಲ್ಲಿ ಇಳಿದು, ತಂಪು ಯಂತ್ರಗಳ ರಿಪೇರಿಗೆಂದು ಘಟ್ಟ ಹತ್ತಿ ನಮ್ಮೂರಿಗೆ ಬಂದ. ಬ್ಯಾಡಗಿಯ ಮುದುಕಿಯರ ಬಾಯಲ್ಲಿ ಎವರ್ಟನ್ ಹೋಗಿ ಎವಟಣ್ಣ ಆಯಿತು. ಹಳೇ ಬಾಗಿಲುಗಳ ಹಲಗೆಯಿಂದ ಅವನು ಸ್ಪೀಕರ್ ಪೆಟ್ಟಿಗೆಗಳನ್ನು ಮಾಡಿ, ಒಂದರ ಮೇಲೊಂದು ಇಟ್ಟು, ಸೂರಿನವರೆಗೆ ಏರಿಸಿದ. ಅದಕ್ಕೆ ನಾವು ಗೋಡೆ ಎಂದೆವು. ಯಾವ ಊರಿನ ಗೋಡೆ ಎಷ್ಟು ಗಟ್ಟಿ ಎನ್ನುವುದು ಮುಂದೆ ಮದುವೆಯ ಮಾತುಕತೆಯಲ್ಲೂ ಬರತೊಡಗಿತು. ಅವನ ನಾಡಿನ ಡಾನ್ಸ್‌ಹಾಲ್ ಪದ್ಧತಿ ಹೀಗಿತ್ತು: ಮೊದಲು ಒಂದು ತಾಳದ ಓಟವನ್ನು ಕಟ್ಟುವುದು, ಆ ಒಂದೇ ಓಟದ ಮೇಲೆ ಎಷ್ಟು ಜನ ಬೇಕಾದರೂ ತಮ್ಮ ತಮ್ಮ ಮಾತು ಕೂಡಿಸಿ ಹಾಡುವುದು. ನಮ್ಮಲ್ಲಿ ನೇಕಾರರು ಹೆಚ್ಚು. ಅವರು ಇದನ್ನು ಕೇಳಿ ತಾಳಕ್ಕೆ ಮಗ್ಗದ ಉದ್ದೆಳೆಯ ಹಾಗೆ ಹಾಸು ಎಂದೂ ಮಾತಿಗೆ ಅಡ್ಡೆಳೆಯ ಹಾಗೆ ಹೊಕ್ಕು ಎಂದೂ ಹೆಸರಿಟ್ಟರು. ಹಾಸು ಊರಿನದು, ಹೊಕ್ಕು ಹಾಡಿದವರದು. ಹಾಸನ್ನು ಯಾರೂ ನನ್ನದೆಂದು ಹಿಡಿದಿಟ್ಟುಕೊಳ್ಳುವ ಹಾಗಿಲ್ಲ. ನಾನು ಹಾಸು ಕಟ್ಟುವುದನ್ನು ಎವಟಣ್ಣನಿಂದಲೇ ಕಲಿತೆ.

ಫಕ್ಕೀರವ್ವ ನನ್ನ ಸೋದರತ್ತೆ ಮಾಂತವ್ವನ ಮಗಳು. ನನಗಿಂತ ಚಿಕ್ಕವಳು, ನನಗಿಂತ ಒಂದು ಮೊಳ ಎತ್ತರ. ಬ್ಯಾಡಗಿ ಕಾಯಿಯಲ್ಲಿ ಕಡ್ಡಿ, ಡಬ್ಬಿ ಎಂದು ಎರಡು ತಳಿ ಇರುವುದು ನಿಮಗೆ ಗೊತ್ತಿದ್ದದ್ದೇ. ಸಣ್ಣಗೆ ಉದ್ದಕ್ಕಿದ್ದ ಅವಳು ಕಡ್ಡಿ ಆದಳು, ಗುಂಡಗಿದ್ದ ನಾನು ಡಬ್ಬಿ. ಮಾಂತವ್ವ ಅತ್ತೆ ತೊಟ್ಟು ಬಿಡಿಸುವ ಸಾಲಿನಲ್ಲಿ ಕೂರುತ್ತಿದ್ದಳು. ಮಗಳೂ ಪಕ್ಕದಲ್ಲಿ ಕೂರಬೇಕು. ಆದರೆ ಆ ಹುಡುಗಿಯ ಕೈಗಿಂತ ಬಾಯಿ ಮುಂದೆ. ಸಾಲಿನಲ್ಲಿ ಯಾರು ತೂಕಡಿಸಿದರು, ಯಾರ ಸೊಸೆ ಯಾರ ಮೇಲೆ ಮುನಿಸಿಕೊಂಡಳು, ಎಲ್ಲವನ್ನೂ ಪ್ರಾಸ ಕಟ್ಟಿ ಗುನುಗುತ್ತಿದ್ದಳು. ಹೆಂಗಸರು ನಕ್ಕು ನಕ್ಕು ಕಾಯಿ ಚೆಲ್ಲುತ್ತಿದ್ದರು.

ಒಂದು ದಿನ ಎವಟಣ್ಣ ಗೋಡೆಯ ತಂತಿ ಕೂಡಿಸುತ್ತಿದ್ದವನು ಅದನ್ನು ಕೇಳಿ ಮೈಕು ಹಿಡಿದುಕೊಂಡು ಬಂದ.

"ಏ ಹುಡುಗಿ, ಈಗ ಅಂದೆಲ್ಲ, ಅದನ್ನ ಇದರಾಗ ಅನ್ನು."

"ನಾ ಒಲ್ಲೆ. ನಮ್ಮವ್ವ ಬಡೀತಾಳ."

"ನಿಮ್ಮವ್ವಗ ನಾ ಹೇಳ್ತೇನಿ. ನೀ ಅನ್ನು."

ಅವಳು ಮೈಕು ತೆಗೆದುಕೊಂಡಳು. ನಾನು ತಾಳದ ಹಾಸು ಹಾಕಿದೆ. ಅವಳು ಹಾಡಿದಳು.

ಕೈ ಉರಿ, ಕಣ್ಣುರಿ, ಹೊರಗ ಬಿಸಿಲುರಿ,
ಒಳಗ ಬಂದೀ ಅಂದಮ್ಯಾಲ ನಡಾ ಸಡ್ಲ ಬಿಡು ಮರಿ!

ಮುದುಕಿಯರಿಂದ ಹಿಡಿದು ಹಜಾಮರ ಕುರ್ಚಿಯಲ್ಲಿ ಅರ್ಧ ಗಡ್ಡ ಮಾಡಿಸಿಕೊಂಡಿದ್ದವನವರೆಗೆ ಎಲ್ಲರೂ ಎದ್ದರು. ಮಾಂತವ್ವ ಅತ್ತೆ ಮಾತ್ರ ಏಳಲಿಲ್ಲ. ಮನೆಗೆ ಹೋದ ಮೇಲೆ ಮಗಳನ್ನು ಕೂರಿಸಿಕೊಂಡು ಕೇಳಿದಳು.

"ಮಂದಿ ಮುಂದ ನಡಾ ಕುಣಿಸಿ ಹಾಡಾಕ ನಾ ನಿನ್ನ ಹಡದೇನೇನು?"

"ಕಾಯಿ ಬಿಡಸಾಕ ಹಡದೀಯೇನು ಮತ್ತ?"

ಏಟು ಬಿತ್ತು. ಮರುದಿನ ಅವಳು ಮತ್ತೆ ಮೈಕು ಹಿಡಿದಳು. ಅತ್ತೆ ಗೋಡೆಗೆ ಬೆನ್ನು ಹಾಕಿ ಕೂರುವುದನ್ನು ರೂಢಿ ಮಾಡಿಕೊಂಡಳು. ಮಗಳ ಹಾಡು ನಡೆಯುವಷ್ಟು ಹೊತ್ತು ಅವಳ ಕೈ ಜೋರಾಗಿ ಓಡುತ್ತಿದ್ದುದನ್ನು ನಾನು ನೋಡಿದ್ದೇನೆ. ಸಿಟ್ಟಿಗೋ ತಾಳಕ್ಕೋ ನನಗೆ ತಿಳಿಯದು.

ಅಲ್ಲಿಂದ ಫಕ್ಕೀರವ್ವನ ಹೆಸರು ಏರುತ್ತಲೇ ಹೋಯಿತು. ಮೊದಲು ಹಾವೇರಿ, ರಾಣೆಬೆನ್ನೂರಿನ ತಂಪುಮನೆಗಳು, ಆಮೇಲೆ ಗದಗ. ನಸುಕಿನಲ್ಲಿ ಹೊರಟು ಸೈರನ್ ಆಗುವುದರೊಳಗೆ ಆ ಊರು ಮುಟ್ಟಬೇಕು, ಹೊತ್ತು ಇಳಿಯುವವರೆಗೆ ಹಾಡಬೇಕು, ತಂಪಿನಲ್ಲಿ ಹಿಂದಿರುಗಬೇಕು. ನಮ್ಮ ಗಾಡಿಯಲ್ಲಿ ಎವಟಣ್ಣ, ನಾನು, ಅವಳು ಮತ್ತು ಗಿರಮಿಟ್ಟು ಮಂಡಕ್ಕಿಯ ಒಂದು ದೊಡ್ಡ ಡಬರಿ. ಹಸಿದರೆ ಅವಳಿಗೆ ತಾಳ ತಪ್ಪುತ್ತಿತ್ತು. ಎರಡು ಪೊಟ್ಟಣ ಗಿರಮಿಟ್ಟು, ಮೇಲೆರಡು ಮಿರ್ಚಿ ತಿಂದು, ಸೆರಗಿಗೆ ಕೈ ಒರೆಸಿಕೊಂಡು ಮೈಕು ಹಿಡಿಯುವಳು. ಸೊಕ್ಕು ಇರಲಿಲ್ಲವೆಂದು ನಾನು ಹೇಳಲಾರೆ. ಗದಗಿನಲ್ಲಿ ಹಸಿರು ಬಣ್ಣದ ಬೂಟು ಕೊಂಡು, ಅದನ್ನು ಯಾರೂ ಹೊಗಳಲಿಲ್ಲವೆಂದು ಒಂದಿಡೀ ದಿನ ಹಾಡಲಿಲ್ಲ. ಹಾಡು ಕಟ್ಟುವಾಗ ಮಾತ್ರ ಬೇರೆಯೇ ಮನುಷ್ಯಳು. ಒಂದು ಮಾತು ಸರಿಯಾಗಿ ಕೂರದಿದ್ದರೆ ಊಟ ಬಿಟ್ಟು ಅದನ್ನೇ ಬಾಯಲ್ಲಿ ಹೊರಳಿಸುತ್ತಿದ್ದಳು.

ಹುಬ್ಬಳ್ಳಿಯ ಹಳೇ ರೈಲ್ವೆ ವರ್ಕ್‌ಶಾಪಿನ ತಂಪುಮನೆಯಲ್ಲಿ ಸವಾಲು ನಡೆಯುತ್ತಿತ್ತು. ಇಬ್ಬರು ಹಾಡುಗಾರರು ಎದುರುಬದುರು ನಿಂತು ಒಂದೇ ಹಾಸಿನ ಮೇಲೆ ಒಬ್ಬರನ್ನೊಬ್ಬರು ಕೆಣಕಬೇಕು. ನಿಮ್ಮ ಕಾಲದ ಹರದೇಶಿ-ನಾಗೇಶಿ ಲಾವಣಿಯ ಮೊಮ್ಮಗಳು ಎಂದುಕೊಳ್ಳಿ. ಅಲ್ಲಿಯ ದೊರೆ ಬುಲೆಟ್ ನಿಜಾಮ, ದಪ್ಪ ದನಿಯ ಕಪ್ಪು ಕನ್ನಡಕದವನು. ಅವನು ಇವಳನ್ನು ಮೇಲಿಂದ ಕೆಳಗೆ ನೋಡಿ, ಬ್ಯಾಡಗಿ ಕಾಯಿಗೆ ಬಣ್ಣ ಉಂಟು, ಖಾರ ಎಲ್ಲುಂಟು ಎಂದು ಹಾಡಿ ಮಂದಿಯನ್ನು ಗೆದ್ದುಕೊಂಡ. ಮಾತು ನಿಜವೇ ಆಗಿತ್ತು. ನಮ್ಮ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಫಕ್ಕೀರವ್ವ ಒಂದು ಸುತ್ತು ತಾಳ ಹೋಗಲು ಬಿಟ್ಟಳು. ಅಷ್ಟರಲ್ಲಿ ನಿಜಾಮ ಬೆವರಿಗೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡ. ಅಷ್ಟೇ ಸಾಕಾಯಿತು.

ಖಾರಿಲ್ಲ ಅಂದೆಲ್ಲೋ ಮಾವಾ, ಕಣ್ಣಾಗ್ಯಾಕ ನೀರು?
ನಾ ಇನ್ನೂ ಹಾಡಾಕ ಹಚ್ಚಿಲ್ಲ, ತೊಟ್ಟು ಮುರದೇನಿ ಚೂರು!

ವರ್ಕ್‌ಶಾಪಿನ ತಗಡೆಲ್ಲ ಅದುರಿತು. ನಿಜಾಮನೇ ಮೊದಲು ನಕ್ಕು, ಅವಳ ತಲೆಯ ಮೇಲೆ ತನ್ನ ರುಮಾಲು ಹೊದಿಸಿದ. ಅಂದಿನಿಂದ ಅವನು ಅವಳನ್ನು ಸೊಸಿ ಎಂದೇ ಕರೆದ.

ಆ ವರ್ಷ ನೆರಳು ಮಂಡಳಿಯವರು ನಮ್ಮನ್ನು ಹುಡುಕಿಕೊಂಡು ಬಂದರು. ತಂಪುಮನೆಗಳ ಉಸ್ತುವಾರಿ ಎಲ್ಲ ಆ ಮಂಡಳಿಯದೇ. ಯಾವ ಮನೆಗೆ ಎಷ್ಟು ಜನ ಎಂದು ಅವರು ಗೊತ್ತುಮಾಡಿದ್ದರು. ಅಷ್ಟು ತುಂಬಿದ ಕೂಡಲೇ ಸರಿಯುವ ದೊಡ್ಡ ಬಾಗಿಲು ಮುಚ್ಚಬೇಕು, ಇಲ್ಲದಿದ್ದರೆ ಒಳಗಿನ ತಂಪು ಉಳಿಯುವುದಿಲ್ಲ ಎನ್ನುವುದು ನಿಯಮ. ಮುಚ್ಚುವಾಗ ನೂಕುನುಗ್ಗಲಾಗಿ ಕೈಬೆರಳು ಸಿಕ್ಕಿಕೊಂಡು ಜಜ್ಜಿಹೋಗುತ್ತಿದ್ದವು. ಮಂಡಳಿಯ ಅಧಿಕಾರಿ ವಿರೂಪಾಕ್ಷ ದೇಸಾಯಿ, ಮೆತ್ತಗೆ ಮಾತಾಡುವ ಮನುಷ್ಯ, ಚಹಾ ಕುಡಿಯುತ್ತ ಹೇಳಿದರು.

"ಸೈರನ್ ಕೇಳಿ ಜನಾ ಗಾಬರಿ ಆಗ್ತಾರ ತಂಗಿ. ಅದೇ ನಿಮ್ಮ ದನಿ ಕೇಳಿದ್ರ ಸಮಾಧಾನದಿಂದ ಸರದು ನಿಂದರ್ತಾರ. ಬಾಗಲಾ ಮುಚ್ಚೂ ಮುಂದ ಹಾಕಾಕ ಒಂದು ಸಣ್ಣ ಹಾಡು ಮಾಡಿಕೊಡ್ರಿ. ಎಲ್ಲಾ ತಂಪುಮನಿಯೊಳಗೂ ಹಾಕ್ತೀವಿ."

ಎವಟಣ್ಣ ತಲೆ ಅಲ್ಲಾಡಿಸಿದ. "ಮಂದೀನ ಕರ್ಯಾಕ ಹಾಡು ಇರ್ತೈತಿ. ಮುಚ್ಚಾಕ ಹಾಡು ನಾ ಎಲ್ಲೂ ಕೇಳಿಲ್ಲ."

"ಕೈಬಟ್ಟು ಉಳಿತಾವಲ್ಲ ಎವಟಣ್ಣಾ," ಎಂದಳು ಅವಳು. "ಬಟ್ಟು ಹೋದ್ರ ಕಾಯಿ ಬಿಡಸೋದು ಹೆಂಗ?"

ಅವಳು ಹೇಳಿದ್ದು ಕಪಟದ ಮಾತಲ್ಲ. ಹೋದ ಬೇಗೆಯಲ್ಲಷ್ಟೇ ನಮ್ಮ ಓಣಿಯ ಒಬ್ಬಳ ಕೈ ಬಾಗಿಲಿಗೆ ಸಿಕ್ಕಿತ್ತು. ಜೊತೆಗೆ, ಎಲ್ಲ ತಂಪುಮನೆಗಳಲ್ಲಿ ದಿನದಿನವೂ ತನ್ನ ದನಿ ಕೇಳುತ್ತದೆ ಎಂದರೆ ಯಾವ ಹಾಡುಗಾರ್ತಿ ಒಲ್ಲೆ ಎಂದಾಳು? ನನ್ನ ಹಾಸಿನ ಮೇಲೆ ಅವಳು ಹಾಡಿಕೊಟ್ಟಳು.

ಬಂದವರೆಲ್ಲಾ ಒಳಗ ಬರ್ರಿ, ಬಾಗಲಾ ಸರಿತೈತಿ,
ಕೈ ಕಾಲು ಜ್ವಾಕಿ ಜೀವಾ, ಹೊತ್ತು ಏರತೈತಿ.

ಒಂದೊಂದು ಸಾಲಿನ ನಡುವೆ ನಾಲ್ಕು ಪೆಟ್ಟಿನ ಬಿಡುವು ಇಟ್ಟೆವು, ಜನ ಸರಿದು ನಿಲ್ಲಲಿ ಎಂದು. ಹಾಡು ಚೆನ್ನಾಗಿಯೇ ಇತ್ತು. ಬೆರಳು ಜಜ್ಜುವುದು ನಿಂತಿತು. ಮಕ್ಕಳು ಆಟದಲ್ಲಿ ಹಾಡಿಕೊಂಡರು. ನಾವು ಹೋದ ಊರಲ್ಲೆಲ್ಲ ಬಾಗಿಲ ಫಕ್ಕೀರವ್ವ ಬಂದಳೆಂದು ಓಡಿ ಬರುತ್ತಿದ್ದರು.

ಮರುವರ್ಷದ ಎರಡನೇ ಬೇಗೆಯಲ್ಲಿ ಕರೇಮಡ್ಡಿಯ ಸುದ್ದಿ ಬಂತು. ಕರೇಮಡ್ಡಿ ಹೊಳೆಯಾಚೆಯ ಸಣ್ಣ ಊರು. ಅಲ್ಲಿ ಬಿಸಿಲಿನಿಂದ ಕರೆಂಟು ತೆಗೆಯುವ ಹಲಗೆಗಳ ದೊಡ್ಡ ಬಯಲಿದೆ. ಹಲಗೆಯ ಧೂಳು ಒರೆಸಲು ಕೊಪ್ಪಳದ ಕಡೆಯಿಂದ ಬಂದ ಒಂದು ಗುಂಪು ಅಂದು ಬಯಲಿನ ಕೊನೆಯಲ್ಲಿತ್ತು. ಅವರ ಗಾಡಿ ಕೆಟ್ಟಿತು. ನಡೆದು ಬರುವಷ್ಟರಲ್ಲಿ ಕರೇಮಡ್ಡಿಯ ತಂಪುಮನೆ ಲೆಕ್ಕಕ್ಕೆ ತುಂಬಿತ್ತು. ಕಾವಲಿನವನು ನಿಯಮದಂತೆ ಗುಂಡಿ ಒತ್ತಿ ಬಾಗಿಲು ಮುಚ್ಚಿಬಿಟ್ಟಿದ್ದ. ಬಾಗಿಲಿಗೆ ಹೊರಗಡೆಯಿಂದ ಹಿಡಿಕೆ ಇರಲಿಲ್ಲ. ಒಳಗೆ ತಂಪು ಯಂತ್ರಗಳ ಗದ್ದಲ, ಬಡಿದದ್ದು ಯಾರಿಗೂ ಕೇಳಲಿಲ್ಲ. ಆರು ಮಂದಿ ಬಾಗಿಲ ಹೊರಗೆ ತೀರಿಕೊಂಡರು.

ಸುದ್ದಿ ಕೇಳಿದ ಫಕ್ಕೀರವ್ವ ಆ ದಿನದ ಹಾಡು ನಿಲ್ಲಿಸಿ, ಮರುದಿನ ನಸುಕಿನಲ್ಲೇ ಗಾಡಿ ಹತ್ತಿದಳು. ನಾನೂ ಹೋದೆ. ಬದುಕಿ ಉಳಿದವರಲ್ಲಿ ಹುಲಿಗೆವ್ವ ಎನ್ನುವ ಹೆಂಗಸೊಬ್ಬಳು ಒಂದು ಕೋಣೆಯಲ್ಲಿ ಒದ್ದೆ ಬಟ್ಟೆ ಸುತ್ತಿಕೊಂಡು ಮಲಗಿದ್ದಳು. ಅವಳ ತಂಗಿ ಸತ್ತವರಲ್ಲಿ ಒಬ್ಬಳು. ಬೈಯುತ್ತಾಳೆ, ಉಗಿಯುತ್ತಾಳೆ ಎಂದು ನಾವು ತಯಾರಾಗಿಯೇ ಹೋಗಿದ್ದೆವು. ಅವಳು ಫಕ್ಕೀರವ್ವನ ಮುಖ ನೋಡಿ ಗುರುತು ಹಿಡಿದು, ಸರಿದು ಕೂರಲು ಜಾಗ ಮಾಡಿಕೊಟ್ಟಳು.

"ನಮ್ಮ ತಂಗೀಗೆ ನಿನ್ನ ಹಾಡಂದ್ರ ಜೀವ ಆಗಿತ್ತವಾ," ಎಂದಳು. "ಬಾಗ್ಲ ಬಡದು ಬಡದು ಗೋಡಿಗೆ ಆತು ಕುಂತಿದ್ವಿ. ಮ್ಯಾಲ ಸೂರಿನ ಸ್ಪೀಕರಿನ್ಯಾಗ ನಿನ್ನ ಹಾಡು ಮತ್ತೊಮ್ಮೆ ಹತ್ತಿತು. 'ಏಳ್ರಿ, ಕಡ್ಡಿ ಹಾಡಾಕತ್ತಾಳ, ಬಾಗ್ಲ ತೆಗೀತಾರ' ಅಂತ ಆಕೀನೇ ಎಲ್ಲಾರ್ನೂ ಎಬ್ಬಿಸಿದ್ಳು. ನಿಂತಾಕಿ ಹಂಗ ನಿಂತಿದ್ಳು. ಕುಂಡ್ರು ಅಂದ್ರ ಕುಂಡ್ರಲಿಲ್ಲ."

ಫಕ್ಕೀರವ್ವ ಹತ್ತಿರ ಸರಿದಳು. ಹುಲಿಗೆವ್ವನ ಕೈ ಹಿಡಿದುಕೊಂಡು ಹೊತ್ತು ಇಳಿಯುವವರೆಗೆ ಕೂತಳು. ಹಿಂದಿರುಗುವ ದಾರಿಯಲ್ಲಿ ಗಿರಮಿಟ್ಟು ಕೊಟ್ಟರೆ ಪೊಟ್ಟಣ ಬಿಚ್ಚಲಿಲ್ಲ.

ಮರುದಿನ ದೇಸಾಯರ ಕಚೇರಿಗೆ ಹೋದೆವು.

"ತಪ್ಪು ನಿಮ್ಮದಲ್ಲ ತಂಗಿ," ಎಂದರು ಅವರು, ನಿಜವಾಗಿಯೂ ನೊಂದುಕೊಂಡೇ.

"ತಪ್ಪು ಯಾರದು ಅಂತ ಕೇಳಾಕ ಬಂದಿಲ್ರಿ. ದನಿ ನಂದು. ಅದನ್ನ ಬಂದ್ ಮಾಡ್ರಿ."

"ಹಾಡು ಮಂಡಳಿಗೆ ಕೊಟ್ಟೀರಿ. ನಿಯಮ ಇರೂತನಕಾ ಹಾಡು ಇರ್ತದ. ನನ್ನ ಕೈಯಾಗ ಏನಿಲ್ಲ."

ಆ ವಾರ ಅವಳು ಯಾವ ಊರಿಗೂ ಹಾಡಲು ಹೋಗಲಿಲ್ಲ. ಮೈಕು ಮುಟ್ಟಲಿಲ್ಲ. ತೊಟ್ಟು ಬಿಡಿಸುವ ಸಾಲಿನಲ್ಲಿ ತಾಯಿಯ ಪಕ್ಕ ಕೂತು, ಬಾಗಿಲು ಮುಚ್ಚುವಾಗ ಸೂರಿನಿಂದ ಬರುವ ತನ್ನದೇ ದನಿಯನ್ನು ತಲೆ ಬಗ್ಗಿಸಿ ಕೇಳುತ್ತಿದ್ದಳು. ಹಾಗೆ ಕೇಳುತ್ತ ಕೇಳುತ್ತ ಒಂದು ದಿನ ಆ ನಾಲ್ಕು ಪೆಟ್ಟಿನ ಬಿಡುವಿನಲ್ಲಿ ಅವಳ ಬಾಯಿ ಆಡಿತು. ಎದ್ದು ನನ್ನ ಬಳಿ ಬಂದಳು.

"ಡಬ್ಬಿ, ಹಾಸು ನಿಂದೋ ಮಂಡಳಿದೋ?"

"ಹಾಸು ಊರಂದು. ನಿನಗ ಗೊತ್ತಿಲ್ಲೇನು?"

"ಹಂಗಂದ್ರ ಬಿಡುವೂ ಊರಂದು."

ಅವಳು ಮಾಡಿದ್ದು ಇಷ್ಟೇ. ಮಂಡಳಿಯ ಹಾಡನ್ನು ಮುಟ್ಟಲಿಲ್ಲ, ಅದರ ಖಾಲಿ ಜಾಗವನ್ನು ತುಂಬಿದಳು. ಸೂರಿನ ದನಿ 'ಬಾಗಲಾ ಸರಿತೈತಿ' ಎಂದ ಮೇಲೆ ಒಳಗಿದ್ದ ಜನ 'ಈ ಕಡಿ ಎಳಿ!' ಎನ್ನಬೇಕು. 'ಹೊತ್ತು ಏರತೈತಿ' ಎಂದ ಮೇಲೆ 'ಇನ್ನೊಬ್ರು ಬರ್ಲಿ!' ಎನ್ನಬೇಕು. ಡಾನ್ಸ್‌ಹಾಲಿನಲ್ಲಿ ಹಾಡಿಗೊಂದು ಹೆಜ್ಜೆ ಇರಲೇಬೇಕು. ಇದರ ಹೆಜ್ಜೆ ಹೀಗೆ: ಎರಡೂ ಕೈಯಲ್ಲಿ ಬಾಗಿಲ ಹಿಡಿಕೆ ಹಿಡಿದ ಹಾಗೆ ಮುಷ್ಟಿ ಕಟ್ಟಿ, ಮಂಡಿ ಬಗ್ಗಿಸಿ, ಮೈಭಾರವನ್ನೆಲ್ಲ ಹಿಂದಕ್ಕೆ ಬಿಟ್ಟು ಎಳೆಯುವುದು. ನೋಡಲು ಬಲು ಚೆಂದ. ನಡಕ್ಕೂ ಕೆಲಸ, ತೋಳಿಗೂ ಕೆಲಸ. ಬುಲೆಟ್ ನಿಜಾಮ ಹುಬ್ಬಳ್ಳಿಯಲ್ಲಿ ಅದನ್ನು ಕಲಿಸಿದ. ಗದಗ, ಹಾವೇರಿಯ ಹಾಡುಗಾರರು ತಮ್ಮ ತಮ್ಮ ಮನೆಗಳಲ್ಲಿ ಕಲಿಸಿದರು. ಹೊಸ ಕುಣಿತ ಎಂದು ಮಂಡಳಿಯವರೂ ನೋಡಿ ನಕ್ಕರು. ಕುಣಿಯುವವರು ಬಾಗಿಲಿನಿಂದ ತುಂಬ ದೂರದಲ್ಲಿದ್ದದ್ದರಿಂದ ಅವರಿಗೆ ಅದರ ಅರ್ಥ ತಿಳಿಯಲಿಲ್ಲ. ಅವಳು ಮಾತ್ರ ಪ್ರತಿ ಊರಿನಲ್ಲೂ ಕುಣಿಯುವವರನ್ನು ದಿನಕ್ಕಿಷ್ಟು ಬಾಗಿಲ ಹತ್ತಿರ ಹತ್ತಿರ ತಂದಳು.

ನಮ್ಮೂರಲ್ಲಿ ಅದು ಕೈಗೂಡಿದ್ದು ಒಂದು ಸೋಮವಾರ. ಮನೆ ತುಂಬಿತ್ತು. ಕಾವಲಿನ ರುದ್ರಪ್ಪ ಗುಂಡಿ ಒತ್ತಿದ, ಬಾಗಿಲು ಸರಿಯತೊಡಗಿತು. ಕಿಂಡಿಯಲ್ಲಿ ರಸ್ತೆ ಕಾಣುತ್ತಿತ್ತು. ಕೈಗಾಡಿ ತಳ್ಳಿಕೊಂಡು ಒಂದು ಸಂಸಾರ ಬರುತ್ತಿತ್ತು, ಗಾಡಿಯ ಮೇಲೆ ಮುದುಕನೊಬ್ಬ ಛತ್ರಿ ಹಿಡಿದು ಕೂತಿದ್ದ. ಸೂರಿನಿಂದ ಹಾಡು ಬಂತು. ಬಾಗಲಾ ಸರಿತೈತಿ. ಇಡೀ ಮನೆ 'ಈ ಕಡಿ ಎಳಿ' ಎಂದಿತು. ಎಲ್ಲರ ಮುಷ್ಟಿಯೂ ಗಾಳಿಯಲ್ಲಿ. ಒಂದು ಮುಷ್ಟಿ ಮಾತ್ರ ಗಾಳಿಯಲ್ಲಿರಲಿಲ್ಲ, ಬಾಗಿಲಿನ ಕಬ್ಬಿಣದ ಹಿಡಿಕೆಯ ಮೇಲಿತ್ತು. ಅದು ಮಾಂತವ್ವ ಅತ್ತೆಯದು. ಹುಟ್ಟಿದ ಮೇಲೆ ಒಂದು ಹೆಜ್ಜೆ ಕುಣಿಯದವಳು ಮಂಡಿ ಬಗ್ಗಿಸಿ ಭಾರ ಬಿಟ್ಟಿದ್ದಳು.

ರುದ್ರಪ್ಪ ಅಳುವ ಹಾಗಾದ. "ಬಿಡಬೇ ಮಾಂತಕ್ಕಾ, ನನ್ನ ಕೆಲಸ ಹೋಗತೈತಿ!"

"ಹೋದ್ರ ನಮ್ಮ ಸಾಲಿನ್ಯಾಗ ಕಾಯಿ ಬಿಡಸಾಕ ಕೂಡುವಂತಿ. ಈಗ ಕೈ ಹಚ್ಚು."

ಅವನು ಕಿಂಡಿಯಾಚೆ ಕೈಗಾಡಿಯತ್ತ ನೋಡಿದ. ಆಮೇಲೆ ಕೈ ಹಚ್ಚಿದ. ಅವನ ಹಿಂದೆ ನಾವೆಲ್ಲ. ಬಾಗಿಲು ಕಿರುಗುಟ್ಟಿ ನಿಂತು, ಹಿಂದಕ್ಕೆ ಸರಿಯಿತು. ಕೈಗಾಡಿಯ ಸಂಸಾರ ಒಳಗೆ ಬಂತು. ಮುದುಕ ಛತ್ರಿ ಮಡಚುವುದನ್ನೂ ಮರೆತು ಸೀನತೊಡಗಿದ.

ಆ ಬೇಗೆ ಮುಗಿಯುವುದರೊಳಗೆ ಯಾವ ಊರಿನಲ್ಲೂ ಬಾಗಿಲು ನಿಯಮದ ಹೊತ್ತಿಗೆ ಮುಚ್ಚಲಿಲ್ಲ. ಇದರಿಂದ ತೊಂದರೆಯೇ ಆಗಲಿಲ್ಲವೆಂದು ಬರೆದರೆ ಸುಳ್ಳಾಗುತ್ತದೆ. ಒಳಗೆ ಸೆಕೆ ಏರಿತು. ವಯಸ್ಸಾದವರು ನರಳಿದರು, ಕೆಲವರು ತಲೆಸುತ್ತಿ ಬಿದ್ದರು, ಅವಳನ್ನು ಮುಖದ ಮೇಲೆಯೇ ಬೈದವರೂ ಇದ್ದರು. ಮಂಡಳಿ ಮೊದಲು ಹಾಡನ್ನು ಕೈಬಿಟ್ಟಿತು, ಆಮೇಲೆ ಎರಡು ವರ್ಷ ಗುದ್ದಾಡಿ ನಿಯಮವನ್ನೂ ಕೈಬಿಟ್ಟು, ನೆಲ ಅಗೆದು ಇನ್ನಷ್ಟು ತಂಪುಮನೆಗಳನ್ನು ಮಾಡಿಸಿತು. ಆದರೆ ಅದಕ್ಕಿಂತ ಮೊದಲೇ, ಕಟ್ಟಡದ ಶಿಸ್ತು ಕೆಡಿಸಿದಳೆಂದು ಫಕ್ಕೀರವ್ವ ಯಾವ ತಂಪುಮನೆಯಲ್ಲೂ ಮೈಕು ಹಿಡಿಯಕೂಡದೆಂದು ಆಜ್ಞೆ ಮಾಡಿತ್ತು. ನಮ್ಮ ಗೋಡೆಯನ್ನು ಬಿಚ್ಚಿಸಿದರು. ಎವಟಣ್ಣ ಪೆಟ್ಟಿಗೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿ ಗಾಡಿಗೆ ಹೇರಿದ. ಆಗ ಅವಳಿಗೆ ಇಪ್ಪತ್ತಮೂರು ವಯಸ್ಸು. ಡಾನ್ಸ್‌ಹಾಲ್ ಹಾಡುಗಾರ್ತಿಯಾಗಿ ಅವಳ ಬಾಳುವೆ ಅಲ್ಲಿಗೆ ಮುಗಿಯಿತು.

ಆಜ್ಞೆ ತೆಗೆದುಹಾಕುವ ಹೊತ್ತಿಗೆ ಕಾಲ ಬದಲಾಗಿತ್ತು. ಹೊಸ ಹುಡುಗರು ಬೇರೆ ಹಾಸು ತಂದಿದ್ದರು. ಅವಳ ದನಿಯೂ ಒಡೆದಿತ್ತು. ಅವಳು ಅದಕ್ಕೆ ಅತ್ತದ್ದನ್ನು ನಾನು ಒಂದೇ ಸಲ ನೋಡಿದ್ದೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಬೇರೆಯವರಿಗೆ ಹಾಡು ಕಟ್ಟಿಕೊಡತೊಡಗಿದಳು. ಇಂದು ನೀವು ಹಾವೇರಿಯ ಯಾವ ತಂಪುಮನೆಗೆ ಬಂದರೂ ಕೇಳುವ ನಾಲ್ಕು ಹಾಡಿನಲ್ಲಿ ಒಂದು ಅವಳದು. ಮದುವೆಯಾದಳು, ಬಿಟ್ಟಳು. ಮಾಂತವ್ವ ಅತ್ತೆಯನ್ನು ಕೊನೆಯವರೆಗೆ ನೋಡಿಕೊಂಡಳು. ಹುಲಿಗೆವ್ವ ಪ್ರತಿ ವರ್ಷ ಕೊಪ್ಪಳದಿಂದ ಬಂದು ಅವಳ ಮನೆಯಲ್ಲಿ ಒಂದು ವಾರ ಇದ್ದು ಹೋಗುತ್ತಾಳೆ. ಇಬ್ಬರೂ ಕೂತು ಏನು ಮಾತಾಡುತ್ತಾರೋ ನನಗೆ ತಿಳಿಯದು. ಬಾಗಿಲ ಹಾಡನ್ನು ಹಾಡು ಎಂದರೆ ಅವಳಿಗೆ ಕೆಟ್ಟ ಸಿಟ್ಟು ಬರುತ್ತದೆ. ಅವಳಿಗೆ ಮೆಚ್ಚುಗೆಯಾದ ತನ್ನ ಹಾಡು ಬೇರೆಯೇ ಇದೆ. ಅದರಲ್ಲಿ ರಾಣೆಬೆನ್ನೂರಿನ ಒಬ್ಬ ದರ್ಜಿ ರವಿಕೆಯ ಅಳತೆ ತೆಗೆದುಕೊಳ್ಳುತ್ತಾನೆ. ಹಿರಿಯರಿಗೆ ಬರೆಯುವ ಪತ್ರದಲ್ಲಿ ಅದರ ಮಾತುಗಳನ್ನು ಹಾಕುವ ಹಾಗಿಲ್ಲ.

ಹೋದ ಚಳಿಗಾಲ ಮಂಡಳಿಯವರು ಮತ್ತೆ ಬಂದಿದ್ದರು. ದೇಸಾಯರಿಲ್ಲ, ಎಲ್ಲ ಹೊಸಬರು, ಎಳೆಯರು, ತುಂಬ ಮರ್ಯಾದೆಯವರು. ಜನರನ್ನು ಒಳಗೆ ಕರೆಯಲು ಒಂದು ಸ್ವಾಗತದ ಹಾಡು ಬೇಕು, ನಿಮ್ಮ ಒಡೆದ ದನಿಯೇ ಆದರೂ ಅಡ್ಡಿಯಿಲ್ಲ ಎಂದರು. ನಾನು ಒಪ್ಪುತ್ತಾಳೆಂದುಕೊಂಡಿದ್ದೆ.

"ನನ್ನ ದನಿ ಬ್ಯಾಡ್ರೀ," ಎಂದಳು. "ಸ್ಪೀಕರ್ ಪೆಟ್ಟಿಗಿಯೊಳಗಿನ ದನೀಗೆ ಕಣ್ಣಿರಂಗಿಲ್ಲ. ಹೊರಗ ಯಾರ್ ನಿಂತಾರ ಅಂತ ಅದಕ್ಕ ಹೆಂಗ ಕಾಣಬೇಕು? ಬಾಗಲದಾಗ ಒಂದು ಮನಶ್ಯಾನ್ನ ನಿಂದರಿಸ್ರಿ. ಅಂವಾ ಕರೀಲಿ. ದನಿ ಕತ್ತಿ ಒದರಿದಂಗ ಇದ್ರೂ ನಡೀತೈತಿ."

ಅವರು ಅದನ್ನು ಬರೆದುಕೊಂಡು ಹೋದರು, ಹಾಗೆಯೇ ಮಾಡಿದರು. ಈಗ ಪ್ರತಿ ತಂಪುಮನೆಯ ಬಾಗಿಲಲ್ಲಿ ಓಣಿಯವರು ಸರದಿಯ ಮೇಲೆ ನಿಂತು, ರಸ್ತೆಯಲ್ಲಿ ಕಾಣುವವರನ್ನು ಕೂಗಿ ಕರೆಯುತ್ತಾರೆ.

ಹಿರಿಯರೇ, ನಿಮ್ಮಲ್ಲಿ ನನ್ನದೊಂದು ಕೇಳಿಕೆ ಇದೆ. ನೀವಿನ್ನೂ ಕಟ್ಟುತ್ತಿರುವ ಕಾಲದಲ್ಲಿದ್ದೀರಿ. ಗೋದಾಮು ಕಟ್ಟಿ, ಶಾಲೆ ಕಟ್ಟಿ, ಏನೇ ಕಟ್ಟಿ, ಬಾಗಿಲು ಕೂರಿಸುವಾಗ ಬಡಿಗನಿಗೆ ಹೇಳಿ ಎರಡೂ ಕಡೆ ಹಿಡಿಕೆ ಇಡಿಸಿ. ನಿಮ್ಮ ಗೋಡೆಗಳು ನಿಮಗಿಂತ ಬಹಳ ಹೆಚ್ಚು ಕಾಲ ಬಾಳಿವೆ. ಅವುಗಳೊಳಗೆ ಮುಂದೆ ಯಾರು ಇರುತ್ತಾರೆ, ಹೊರಗೆ ಯಾರು ಉಳಿಯುತ್ತಾರೆ ಎಂದು ನಿಮಗೆ ಗೊತ್ತಾಗುವುದಿಲ್ಲ.

ಇನ್ನು ಬರೆಯಲು ಹೊತ್ತಿಲ್ಲ. ಸೈರನ್ 'ಗೊಂಯ್' ಎನ್ನುತ್ತಿದೆ, ಇವತ್ತಿನ ಸರದಿ ನನ್ನದು. ಕೆಳಗಿನ ಓಣಿಯ ತಿರುವಿನಲ್ಲಿ ಇಬ್ಬರು ಬರುತ್ತಿರುವುದು ಕಾಣುತ್ತಿದೆ. ಒಬ್ಬಳು ಕುಂಟುತ್ತಿದ್ದಾಳೆ. ಅವರಿಗೆ ಬಾಗಿಲು ಎಲ್ಲಿದೆಯೆಂದು ಇನ್ನೂ ಗೊತ್ತಾದ ಹಾಗಿಲ್ಲ. ನಾನು ಹೋಗಿ ಕೂಗಬೇಕು.

ನಿಮ್ಮ ಮುಂದಿನವಳು,
ದ್ಯಾಮವ್ವ